ನಾಲ್ಕು ಕೆ.ಜಿ. ಇನ್ನೂರು ಗ್ರಾಂ

ತುಮಕೂರಿನ ಸೋದರಿಯೊಬ್ಬರು ಬರೆದಿದ್ದಾರೆ: "ಎರಡು ವರ್ಷದ ಹಿಂದೆ ಹುಟ್ಟಿದ ನನ್ನ ಮಗ 4.2 ಕೆ.ಜಿ. ಇದ್ದ. ಸಿಸೇರಿಯನ್ ಆಯಿತು. ಹುಟ್ಟಿದ ಸ್ವಲ್ಪ ಹೊತ್ತಿಗೆ ಅವನ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು, ಏಕೆಂದು ಯಾರೂ ಹೇಳಲಿಲ್ಲ. ಅತ್ತೆ ಊರಿಗೆಲ್ಲ ತೂಕ ಹೇಳಿಕೊಂಡು ಬಂದರು. ನಾದಿನಿ ಮಾತ್ರ 'ಇಬ್ಬರ ಊಟ ಒಬ್ಬಳೇ ಉಂಡರೆ ಇನ್ನೇನಾಗುತ್ತದೆ' ಎಂದಳು. ಈಗ ಮತ್ತೆ ಮೂರನೇ ತಿಂಗಳು. ತಪ್ಪು ನನ್ನದೇ? ಈ ಸಲ ಊಟ ಕಡಿಮೆ ಮಾಡಲೇ?"

ಸೋದರಿ, ಊಟ ಬಿಡಬೇಡಿ. ನಾದಿನಿಯ ಮಾತನ್ನು ಬೇಕಾದರೆ ಬಿಡಿ.

ಆ ಹಿಮ್ಮಡಿಯ ಚುಚ್ಚಿನಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಅದನ್ನು ಇಳಿಸುವ ಅವಳ ಇನ್ಸುಲಿನ್ ಹೋಗುವುದಿಲ್ಲ. ಸಕ್ಕರೆ ಹೆಚ್ಚು ಬಂದಷ್ಟೂ ಮಗುವಿನ ಮೇದೋಜೀರಕ ಗ್ರಂಥಿ ತಾನೇ ಇನ್ಸುಲಿನ್ ಸುರಿಸುತ್ತದೆ. ಮಗು ಕೊಬ್ಬು ಕಟ್ಟಿಕೊಂಡು ಹೊಟ್ಟೆ, ಭುಜಗಳಲ್ಲಿ ದಪ್ಪವಾಗುತ್ತದೆ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಭಯ ಅದಕ್ಕೇ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಸರಬರಾಜು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ಮಗುವಿನ ಸಕ್ಕರೆ ತಟ್ಟನೆ ಕುಸಿಯಬಹುದು. ಅವರು ನೋಡಿದ್ದು ಅದನ್ನೇ.

ಹಾಗೆಂದು ನಿಮಗೆ ಸಕ್ಕರೆ ಕಾಯಿಲೆ ಇತ್ತೆಂದು ನಾನು ಹೇಳಲಾರೆ. ನಾನು ವೈದ್ಯೆಯಲ್ಲ, ಆರೋಗ್ಯ ಪುಟ ತಿದ್ದಿ ತಿದ್ದಿ ಕಲಿತವಳು. ನಾಲ್ಕು ಕೆ.ಜಿ. ದಾಟುವ ಮಗುವಿಗೆ ಬೇರೆ ಕಾರಣಗಳೂ ಇವೆ: ಬಸಿರಾಗುವ ಮೊದಲೇ ತಾಯಿಯ ತೂಕ ಹೆಚ್ಚಿರುವುದು, ಬಸಿರಿನಲ್ಲಿ ಅದು ಮಿತಿಮೀರಿ ಏರುವುದು, ದಿನ ತುಂಬಿದರೂ ಹೆರಿಗೆ ತಡವಾಗುವುದು, ಎತ್ತರದ ಮೈಕಟ್ಟಿನ ಮನೆತನ. ಗಂಡು ಮಗು ಸಾಮಾನ್ಯವಾಗಿ ತುಸು ಹೆಚ್ಚೇ ತೂಗುತ್ತದೆ. ಇವುಗಳಲ್ಲಿ ಎಷ್ಟು ನಿಮ್ಮ ಕೈಯಲ್ಲಿದ್ದವು, ನೀವೇ ಎಣಿಸಿ. ಮೊದಲ ಮಗು ದೊಡ್ಡದಾಗಿದ್ದರೆ ಎರಡನೆಯದೂ ಹಾಗಾಗುವ ಸಂಭವ ಹೆಚ್ಚು ಎಂಬುದನ್ನು ಮಾತ್ರ ಮರೆಯಬೇಡಿ.

ಅತ್ತೆಯವರ ಹೆಮ್ಮೆಯನ್ನು ಕಂಡು ನಗುವ ಅಧಿಕಾರ ನನಗಿಲ್ಲ. ವರ್ಷಗಟ್ಟಲೆ ಗುಂಡು ಕೆನ್ನೆಯ ಕೂಸುಗಳನ್ನೇ ಹುಡುಕಿ ಮುಖಪುಟಕ್ಕೆ ಹಾಕಿದವರು ನಾವು. ಆದರೆ ಮೈಸೂರಿನ ಮಿಷನ್ ಆಸ್ಪತ್ರೆಯ ಕಥೆ ಅವರಿಗೆ ಹೇಳಿ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಡುತ್ತಿದ್ದರು. ಆ ದಾಖಲೆ ಹಿಡಿದು ಸಂಶೋಧಕರು ಐನೂರಕ್ಕೂ ಹೆಚ್ಚು ಮಂದಿಯನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದ ಕಡಿಮೆಯಾಗಿ ಗುಂಡಗಿದ್ದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು ಕಂಡಿತು. ಗುಂಡಗಿರುವುದೆಲ್ಲ ಗಟ್ಟಿಯಲ್ಲ.

ಈಗ ಮಾಡಬೇಕಾದ್ದು. ಏಳನೇ ತಿಂಗಳವರೆಗೆ ಕಾಯದೆ ಮೊದಲ ಭೇಟಿಯಲ್ಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಲು ಕೇಳಿ. 140 ಅಥವಾ ಹೆಚ್ಚು ಬಂದರೆ ಬಸಿರಿನ ಮಧುಮೇಹ ಎನ್ನುತ್ತಾರೆ. ಕಡಿಮೆ ಬಂದರೂ 24ರಿಂದ 28ನೇ ವಾರದಲ್ಲಿ ಮತ್ತೆ ಮಾಡಿಸಬೇಕು. ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದೆ ಎಂದು ಯಾರಾದರೂ ಕಳಿಸಿಬಿಟ್ಟರೆ ಏಳಬೇಡಿ, ನಮ್ಮ ಹೆಂಗಸರಲ್ಲಿ ಅದೊಂದನ್ನೇ ನೋಡಿದರೆ ಕಾಯಿಲೆ ಕಣ್ತಪ್ಪಿಹೋಗುವುದುಂಟು. ಆ ಗ್ಲೂಕೋಸ್ ನೀರು ಕಡು ಸಿಹಿ, ವಾಕರಿಕೆ ಬರುತ್ತದೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಕುಡಿಯಬೇಕು.

ಊಟದಲ್ಲಿ ಅನ್ನ ತುಸು ಇಳಿಸಿ ಕಾಳು, ಸೊಪ್ಪು ಏರಿಸಿ. ಉಂಡ ಮೇಲೆ ಸ್ವಲ್ಪ ನಡೆಯಿರಿ. ರಾಗಿ ಎಂದ ಮಾತ್ರಕ್ಕೆ ಮೂರು ಮುದ್ದೆಗೆ ಪರವಾನಗಿ ಸಿಕ್ಕಿತೆಂದಲ್ಲ. ಪಥ್ಯದ ಲೆಕ್ಕವನ್ನು ನಿಮ್ಮ ವೈದ್ಯರೇ ಹಾಕಿಕೊಡಲಿ.

ಹೋಗುವಾಗ ತಾಯಿ ಕಾರ್ಡಿನ ಜೊತೆ ಮೊದಲ ಹೆರಿಗೆಯ ಡಿಸ್ಚಾರ್ಜ್ ಚೀಟಿಯನ್ನೂ ಒಯ್ಯಿರಿ. ಅದರಲ್ಲಿ 4.2 ಎಂದು ಬರೆದಿರುವ ಕಡೆ ಬೆರಳಿಟ್ಟು ತೋರಿಸಿ.

– ಸಂಪಾದಕಿ