ಹೊಟ್ಟೆ ಕೊಯ್ಯದೆ ಗುದದ್ವಾರದಿಂದಲೇ ಕರುಳಿನ ಶಸ್ತ್ರಚಿಕಿತ್ಸೆ: ಅಣ್ಣನಿಗೆ ಮಾಡಿಸಬಹುದೇ?

ಪ್ರಶ್ನೆ: ನನ್ನ ಅಣ್ಣನಿಗೆ 58 ವರ್ಷ. ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆಯಿದೆ. ಗುದದ್ವಾರದ ಮೂಲಕವೇ ರೋಗದ ಭಾಗವನ್ನು ತೆಗೆಯುವ ವಿಧಾನವನ್ನು ಹಂದಿಗಳ ಮೇಲೂ ಮೃತದೇಹಗಳ ಮೇಲೂ ಪರೀಕ್ಷಿಸಿ ಗೆದ್ದಿದ್ದಾರೆ ಎಂದು ಓದಿದೆ. ಅದನ್ನೇ ಮಾಡಿಸೋಣವೇ?

ಉತ್ತರ: ಆ ಪರೀಕ್ಷೆಗಳು ನಡೆದದ್ದು ನಿಜ. ಆದರೆ ಪ್ರತಿಯೊಂದೂ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು ಎಂಬುದನ್ನು ನೋಡಬೇಕು. ಮೃತದೇಹದಲ್ಲಿ ತಿಳಿಯುವುದು ಉಪಕರಣ ಎಲ್ಲಿಯವರೆಗೆ ತಲುಪುತ್ತದೆ, ಕರುಳಿನ ಸುತ್ತಲ ಕೊಬ್ಬಿನ ಹೊದಿಕೆ ಹರಿಯದೆ ಇಡಿಯಾಗಿ ಬರುತ್ತದೆಯೇ ಎಂಬುದು. ಅಲ್ಲಿ ರಕ್ತ ಚಿಮ್ಮುವುದಿಲ್ಲ, ಸೋಂಕು ಏಳುವುದಿಲ್ಲ. ಬದುಕಿರುವ ಹಂದಿಯಲ್ಲಿ ಹೊಲಿಗೆ ಕೂಡಿತೇ, ಮಲ ಸೋರಿ ಕೀವಾಯಿತೇ ಎಂಬುದು ಗೊತ್ತಾಗುತ್ತದೆ. ಆದರೆ ಆ ಹಂದಿಗಳಿಗೆ ಕ್ಯಾನ್ಸರ್ ಇರಲಿಲ್ಲ. ಗಡ್ಡೆ ಮರಳಿ ಬರುತ್ತದೆಯೇ ಎಂಬ, ನಿಮ್ಮ ಅಣ್ಣನವರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಉತ್ತರ ಸಿಗುವುದು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಮಾತ್ರ.

ಬಾರ್ಸಿಲೋನಾದಲ್ಲಿ ಲ್ಯಾಪರೋಸ್ಕೋಪಿಯ (ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಉಪಕರಣ ತೂರಿಸಿ ಮಾಡುವ ವಿಧಾನ) ನೆರವಿನೊಂದಿಗೆ ಮಹಿಳೆಯೊಬ್ಬರಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ ವರದಿ 2010ರಲ್ಲಿ ಪ್ರಕಟವಾಯಿತು. ನಂತರ ಅನೇಕ ದೇಶಗಳು ಇದನ್ನು ಕೈಗೆತ್ತಿಕೊಂಡವು. ನಾರ್ವೆ ತನ್ನ 157 ರೋಗಿಗಳ ಲೆಕ್ಕ ತೆಗೆದಾಗ, ಸುಮಾರು 2.4 ವರ್ಷಗಳ ಹೊತ್ತಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿದ ಪ್ರಮಾಣ ಶೇ 11.6 ಎಂದು ಅಂದಾಜಾಯಿತು. ಹೋಲಿಕೆಗೆ, ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರ ಆ ದೇಶದ ರಾಷ್ಟ್ರೀಯ ನೋಂದಣಿಯಲ್ಲಿ ಈ ಮರುಕಳಿಕೆಯ ಪ್ರಮಾಣ ಶೇ 2.4 ಇತ್ತು. ಅವರು ಈ ವಿಧಾನವನ್ನು ನಿಲ್ಲಿಸಿದರು. ಅದು ಧೈರ್ಯದ ನಿರ್ಧಾರವೆಂದೇ ನನ್ನ ಭಾವನೆ. ಹೆಚ್ಚು ಅನುಭವವಿರುವ ಕೇಂದ್ರಗಳಿಂದ ಒಳ್ಳೆಯ ಫಲಿತಾಂಶಗಳೂ ವರದಿಯಾಗಿವೆ, ಆದ್ದರಿಂದ ವಿಧಾನವೇ ಕೆಟ್ಟದ್ದು ಎನ್ನಲಾರೆ. ಕೈ ಪಳಗುವುದಕ್ಕೆ ಇಲ್ಲಿ ದೊಡ್ಡ ಬೆಲೆಯಿದೆ. ಗಂಡಸರಲ್ಲಿ ಕೆಳಗಿನಿಂದ ಬಿಡಿಸುತ್ತಾ ಹೋಗುವಾಗ ಮೂತ್ರನಾಳಕ್ಕೆ ಗಾಯವಾಗುವ ಅಪಾಯವೂ ಇದೆ.

ಈ ವಿಧಾನ ಹೆಚ್ಚಾಗಿ ನೆರವಾಗುವುದು ಗಡ್ಡೆ ಬಹಳ ಕೆಳಗಿದ್ದು, ಕಿರಿದಾದ ಸೊಂಟದ ಗೂಡಿನೊಳಗೆ ಮೇಲಿನಿಂದ ಕೈಯಾಡದಿದ್ದಾಗ. ಎಂಆರ್‌ಐ ವರದಿಯಲ್ಲಿ ಗಡ್ಡೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ನೋಡಿಸಿ. ಮೇಲಿದ್ದರೆ ಲ್ಯಾಪರೋಸ್ಕೋಪಿಯೇ ಸಾಕಾಗಬಹುದು. ಹೊಟ್ಟೆಯ ಮೇಲೆ ಉಳಿಯುವ ಮೂರು-ನಾಲ್ಕು ಸಣ್ಣ ಕಲೆಗಳಿಗಾಗಿ ದಯವಿಟ್ಟು ಚಿಂತಿಸಬೇಡಿ. ವೈದ್ಯರು ಗುದದ್ವಾರದ ಮಾರ್ಗವನ್ನೇ ಸೂಚಿಸಿದರೆ, ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ, ಎಷ್ಟು ಜನರಲ್ಲಿ ಹೊಲಿಗೆ ಸೋರಿತು, ಎಷ್ಟು ಜನರಿಗೆ ಗಡ್ಡೆ ಮರಳಿತು ಎಂದು ಸಂಕೋಚವಿಲ್ಲದೆ ಕೇಳಿ.