ಪ್ರಾರ್ಥನೆಯ ಭಾಷೆ ಬದಲಾದರೆ ಗುರುತೂ ಬದಲಾಗುವುದೇ?

ಪ್ರಶ್ನೆ: ನಾವು ಮಂಗಳೂರು ಕಡೆಯ ಕೊಂಕಣಿ ಕಥೋಲಿಕರು, ಬೆಂಗಳೂರಿನಲ್ಲಿ ನೆಲೆಸಿದ್ದೇವೆ. ಮಕ್ಕಳಿಗೆ ಕನ್ನಡದ ಬಲಿಪೂಜೆಯೇ ಹಿಡಿಸುತ್ತದೆ. ಕೊಂಕಣಿ ಬಿಟ್ಟರೆ ನಮ್ಮ ಕ್ರೈಸ್ತತನವೇ ಸಡಿಲವಾಗುತ್ತದೆ ಎಂದು ನನ್ನ ತಾಯಿಯವರು ಕೊರಗುತ್ತಾರೆ. ಅವರ ಮಾತಿನಲ್ಲಿ ಹುರುಳಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ವಿಶ್ವಾಸದ ವಿಷಯದಲ್ಲಿ ಅವರು ಅಂಜಬೇಕಾಗಿಲ್ಲ, ಆದರೆ ಸಮುದಾಯದ ಬಾಳುವೆಯ ವಿಷಯದಲ್ಲಿ ಅವರ ಕೊರಗಿಗೆ ಕಾರಣವಿದೆ.

ಅವರ ಹಿರಿಯರ ಕಾಲದಲ್ಲಿ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪಾದ್ರಿಗಳ ಪ್ರಸಂಗ ಕೊಂಕಣಿಯಲ್ಲಿದ್ದರೂ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆರಾಧನೆಯಲ್ಲಿ ಜನಭಾಷೆಗಳ ಬಳಕೆಗೆ ಸಮ್ಮತಿ ನೀಡಿದ ಮೇಲಷ್ಟೇ ಕೊಂಕಣಿಯೂ ಕನ್ನಡವೂ ಬಲಿಪೀಠದ ಭಾಷೆಗಳಾದವು. ಅಲ್ಲಿಯವರೆಗೂ ಕೊಂಕಣಿಯ ಭಕ್ತಿಯನ್ನು ಉಳಿಸಿದ್ದು ಮನೆ. ಸಂಜೆಯ ತೆರ್ಸ್ (ಜಪಮಾಲೆಯ ಪ್ರಾರ್ಥನೆ), ಮದುವೆಯ ಹಿಂದಿನ ದಿನ ವಧುವರರಿಗೆ ರೋಸ್ (ತೆಂಗಿನ ಹಾಲು) ಹಚ್ಚುವಾಗ ಹೆಂಗಸರು ಹಾಡುವ ವೊವಿಯೊ ಎಂಬ ಹಾಡುಗಳು, ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮಾತೆ ಮರಿಯಳ ಜನ್ಮದಿನ, ಹೊಸ ತೆನೆಯ ಹಬ್ಬ) ಇವೆಲ್ಲ ಲ್ಯಾಟಿನ್‌ನ ಹಂಗಿಲ್ಲದೆ ನಡೆದುಬಂದವು. ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿಮಾಡಿ ಹಾಲಿಗೆ ಬೆರೆಸಿ, ಪ್ರಾರ್ಥನೆ ಮಾಡಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಹಿರಿಯರು ಹೇಳುವ ಆ ಪ್ರಾರ್ಥನೆ ಮಕ್ಕಳಿಗೆ ತಿಳಿಯದೆ ಹೋದರೆ ಅವರ ಪಾಲಿಗೆ ಹಬ್ಬವೆಂದರೆ ಬರಿಯ ಊಟವಾದೀತು. ನಿಮ್ಮ ತಾಯಿಯವರು ಅಂಜುತ್ತಿರುವುದು ಇದಕ್ಕೇ ಇರಬೇಕು.

ಹಾಗೆಂದು ಕನ್ನಡವನ್ನು ಹೊರಗಿನ ಭಾಷೆಯೆಂದು ಎಣಿಸುವುದು ಸರಿಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಕನ್ನಡ, ತುಳು ಕಲಿತು ಆ ಭಾಷೆಗಳಲ್ಲೇ ಬೋಧಿಸಿ, ಗ್ರಂಥಗಳನ್ನು ಅಚ್ಚುಹಾಕಿಸಿದ್ದರಿಂದ, ಅಲ್ಲಿನ ಪ್ರೊಟೆಸ್ಟೆಂಟರಿಗೆ ದೇವರ ವಾಕ್ಯ ದೊರೆತದ್ದೇ ಈ ನುಡಿಗಳಲ್ಲಿ. ನಿಮ್ಮವರು ಜೆಜು ಎನ್ನುವಲ್ಲಿ ಅವರು ಯೇಸು ಎನ್ನುತ್ತಾರೆ; ಅಷ್ಟರಿಂದಲೇ ಯಾರು ಯಾವ ಸಭೆಯವರೆಂಬುದು ಊರಿನವರಿಗೆ ಗೊತ್ತಾಗುತ್ತದೆ. ಇತ್ತ ಗೋವೆಯ ಕಥೋಲಿಕರದು ನಿಮ್ಮದೇ ವಿಶ್ವಾಸ, ಕೊಂಕಣಿಯೇ ತಾಯ್ನುಡಿ. ಆದರೂ ಅವರ ಪ್ರಾರ್ಥನಾ ಪುಸ್ತಕ ರೋಮನ್ ಲಿಪಿಯದು, ನಿಮ್ಮದು ಕನ್ನಡ ಲಿಪಿಯದು. ತಲೆಮಾರುಗಳ ಕನ್ನಡನಾಡಿನ ಬಾಳುವೆ ನಿಮ್ಮ ಭಕ್ತಿಯೊಳಗೆ ಆಗಲೇ ಸೇರಿಹೋಗಿದೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ಪೂಜೆಗೆ ತಕ್ಕ ಸ್ಥಾನ ಸಿಗಲೆಂದು ಕನ್ನಡ ಕಥೋಲಿಕರು ದಶಕಗಳಿಂದ ಕೇಳುತ್ತ ಬಂದಿರುವಾಗ, ನಿಮ್ಮ ಮಕ್ಕಳು ಅದನ್ನು ಮೆಚ್ಚಿ ಹೋಗುತ್ತಿರುವುದು ನನಗಂತೂ ಸಂತೋಷದ ಸಂಗತಿ.

ಆದ್ದರಿಂದ ಭಾನುವಾರದ ಪೂಜೆ ಕನ್ನಡದಲ್ಲೇ ಇರಲಿ, ಮನೆಯ ತೆರ್ಸ್ ಮಾತ್ರ ತಪ್ಪದೆ ಕೊಂಕಣಿಯಲ್ಲಿ ನಡೆಯಲಿ. ಕನ್ನಡ ಓದಬಲ್ಲ ಮಕ್ಕಳಿಗೆ ಕೊಂಕಣಿ ಪ್ರಾರ್ಥನಾ ಪುಸ್ತಕ ಓದಲು ಬೇರೆ ಲಿಪಿ ಕಲಿಯಬೇಕಾಗಿಲ್ಲ. ಉಚ್ಚಾರ ತಿದ್ದುವ ಹೊಣೆಯನ್ನು ಅವರ ಅಜ್ಜಿಗೇ ಒಪ್ಪಿಸಿ.