ಮೂರು ತಿಂಗಳಲ್ಲಿ ಇಪ್ಪತ್ತು ಕೆಜಿ ಇಳಿಯಲೇಬೇಕಾ?

ಪ್ರಶ್ನೆ: ನನಗೆ 38 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 84 ಕೆಜಿ. ಮೂರು ತಿಂಗಳಿಗೆ ಮನೆಯಲ್ಲಿ ಮದುವೆ ಇದೆ. ಅಷ್ಟರೊಳಗೆ 20 ಕೆಜಿ ಇಳಿಸಲೇಬೇಕು ಅಂತ ಹಟ ತೊಟ್ಟಿದ್ದೇನೆ. ಹಿಂದೆಯೂ ಎಷ್ಟೋ ಸಲ ಶುರು ಮಾಡಿದ್ದೆ, ಹತ್ತು ದಿನ ದಾಟುವಷ್ಟರಲ್ಲಿ ಬಿಟ್ಟುಬಿಡುತ್ತೇನೆ. ನನಗೆ ಛಲವೇ ಇಲ್ಲವೇನೋ. ಈ ಸಲ ಬಿಡದ ಹಾಗೆ ಏನು ಮಾಡಲಿ ಮೇಡಂ?

ಉತ್ತರ: ಛಲ ಇಲ್ಲ ಅನ್ನುವ ಮಾತನ್ನು ಮೊದಲು ಬಿಡಿ. ಅಷ್ಟು ಸಲ ಬಿಟ್ಟು ಮತ್ತೆ ಶುರು ಮಾಡುವವರಿಗೆ ಛಲ ಇಲ್ಲ ಅಂತ ನಾನಂತೂ ಒಪ್ಪುವುದಿಲ್ಲ. ತಪ್ಪಿರುವುದು ಲೆಕ್ಕದಲ್ಲಿ. ಒಮ್ಮೆ ಹಾಕಿ ನೋಡೋಣ ಬನ್ನಿ.

ಮೈಯಲ್ಲಿನ ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು. 20 ಕೆಜಿಗೆ ಅದು ಒಂದೂವರೆ ಲಕ್ಷ ದಾಟುತ್ತದೆ. 90 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,700. ನಿಮ್ಮ ವಯಸ್ಸು, ಎತ್ತರ, ತೂಕ ನೋಡಿದರೆ ದಿನವಿಡೀ ನಿಮ್ಮ ದೇಹ ಖರ್ಚು ಮಾಡುವುದೇ ಹೆಚ್ಚುಕಮ್ಮಿ 1,900. ಅಂದರೆ ಮೂರು ತಿಂಗಳು ನೀವು ದಿನಕ್ಕೆ 200 ಕ್ಯಾಲರಿಯಲ್ಲಿ ಬದುಕಬೇಕು! ವ್ಯಾಯಾಮ ಮಾಡಿ ಸರಿದೂಗಿಸುತ್ತೇನೆ ಅಂದರೂ ಆಗುವುದಿಲ್ಲ. ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 150ರ ಆಸುಪಾಸು. ಹತ್ತನೇ ದಿನ ಹೊಟ್ಟೆ ಕೇಳಿತು, ನೀವು ಕೊಟ್ಟಿರಿ. ಅಷ್ಟೇ ನಡೆದದ್ದು. ಕೊಡದೆ ಹಟ ಹಿಡಿದವರನ್ನೂ ನೋಡಿದ್ದೇನೆ. ಕೂದಲು ಉದುರುತ್ತದೆ, ಸ್ನಾಯು ಕರಗುತ್ತದೆ, ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ.

ಹಾಗಾದರೆ ಎಷ್ಟು? ಮೂರು ತಿಂಗಳಿಗೆ ಈಗಿನ ತೂಕದ ಶೇಕಡಾ 5, ಅಂದರೆ ನಾಲ್ಕು ಕೆಜಿ. 'ಇಷ್ಟೇನಾ' ಅಂತ ಮುಖ ಸಪ್ಪಗಾಯಿತು ಅಲ್ವಾ? ಆದರೆ ಶೇಕಡಾ 5ರಿಂದ 10 ಇಳಿದರೆ ಸಾಕು, ಬಿಪಿ, ಶುಗರ್, ರಕ್ತದ ಕೊಬ್ಬು ಎಲ್ಲದರಲ್ಲೂ ಸುಧಾರಣೆ ಕಾಣುತ್ತದೆ. ಅಮೆರಿಕದಲ್ಲಿ ಶುಗರ್ ಅಂಚಿಗೆ ಬಂದಿದ್ದ 3,200ಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಶೇಕಡಾ 7 ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಚಟುವಟಿಕೆ. ನಿಮ್ಮ ತೂಕಕ್ಕೆ ಅದು ಆರು ಕೆಜಿಗೂ ಕಮ್ಮಿ. ಸುಮಾರು ಮೂರು ವರ್ಷ ಗಮನಿಸಿದಾಗ, ಔಷಧಿಯೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಈ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬಂದದ್ದು ಶೇಕಡಾ 58ರಷ್ಟು ಕಡಿಮೆ. ನಾಲ್ಕೈದು ಕೆಜಿಯನ್ನು ದಯವಿಟ್ಟು ಸಣ್ಣದು ಅಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೂಕ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಇವತ್ತು ಮಾಡುವ ಕೆಲಸ. ತೂಕ ಅದಕ್ಕೆ ದೇಹ ಕೊಡುವ ಉತ್ತರ, ಅದೂ ತಡವಾಗಿ. ಅದಕ್ಕೇ ನನ್ನ ಹತ್ತಿರ ಬಂದವರಿಂದ ಒಂದು ಚೀಟಿ ಬರೆಸುತ್ತೇನೆ. ಅದರಲ್ಲಿ ತೂಕದ ಸಂಖ್ಯೆ ಬರೆಯುವ ಹಾಗಿಲ್ಲ. ಮಾಡುವ ಕೆಲಸ ಮಾತ್ರ ಇರಬೇಕು.

ಒಬ್ಬ ತಾಯಿ 'ಇನ್ನು ಮೇಲೆ ಕಡಿಮೆ ತಿನ್ನುತ್ತೇನೆ' ಅಂತ ಬರೆದರು. ಯಾವ ಹೊತ್ತಿನಲ್ಲಿ, ಯಾವುದು ಕಡಿಮೆ ಅಂತ ಕೇಳಿದೆ. ಹೇಳಲು ಗೊತ್ತಾಗಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಗೊತ್ತಾಯಿತು: ರಾತ್ರಿ ತಮ್ಮ ಊಟ ಮುಗಿದ ಮೇಲೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಸಿಂಕಿನ ಪಕ್ಕ ನಿಂತೇ ಮುಗಿಸುತ್ತಿದ್ದರು. ಹಾಳಾಗುತ್ತಲ್ಲ ಅಂತ. ಅದು ಅವರಿಗೆ ಊಟ ಅನ್ನಿಸಿಯೇ ಇರಲಿಲ್ಲ. ಚೀಟಿ ಹೀಗೆ ಬದಲಾಯಿತು: 'ಮಕ್ಕಳಿಗೆ ಮೊದಲು ಸ್ವಲ್ಪವೇ ಬಡಿಸುತ್ತೇನೆ. ಅವರು ಎದ್ದ ಕೂಡಲೇ ತಟ್ಟೆಗೆ ನೀರು ಹಾಕುತ್ತೇನೆ.' ಮುಂದಿನ ಭೇಟಿಗೆ ಅವರು ಬಂದಾಗ ಚೀಟಿಯಲ್ಲಿ ದಿನ ದಿನಕ್ಕೂ ಗುರುತು ಹಾಕಿದ್ದರು. 'ಇಂಥ ಹೊತ್ತಿಗೆ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ನಿಶ್ಚಯಿಸಿದ ಕೆಲಸ ನಡೆಯುವ ಸಾಧ್ಯತೆ ಜಾಸ್ತಿ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಜರ್ ಅವರ ಅಧ್ಯಯನಗಳು ತೋರಿಸಿವೆ. ನನ್ನ ಅನುಭವವೂ ಅದೇ.

ನೀವು ಎರಡೇ ಕೆಲಸ ಬರೆಯಿರಿ. ಒಂದು ಊಟದ್ದು, ಒಂದು ನಡಿಗೆಯದ್ದು. ಊಟದ್ದು ಯಾವುದು ಅಂತ ಗೊತ್ತಾಗಬೇಕಾದರೆ ಒಂದು ವಾರ ಏನೂ ಬದಲಾಯಿಸದೆ ತಿಂದದ್ದು, ಕುಡಿದದ್ದು ಬರೆದಿಡಿ. ನಿಮ್ಮ ಸಿಂಕಿನ ಪಕ್ಕ ಎಲ್ಲಿದೆ ಅಂತ ಅದೇ ತೋರಿಸುತ್ತದೆ. ನಡಿಗೆ ಹತ್ತು ನಿಮಿಷದಿಂದ ಶುರುವಾಗಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಅಲ್ಲಿಗೆ ನಿಧಾನವಾಗಿ ತಲುಪಿದರೆ ಆಯಿತು.

ಮದುವೆಯ ಬಟ್ಟೆಯನ್ನು ಈಗಿನ ಅಳತೆಗೇ ಹೊಲಿಸಿ. ಇಳಿದರೆ ಟೈಲರ್ ಹಿಡಿದು ಕೊಡುತ್ತಾರೆ. ಇಳಿಯುವ ಮೊದಲೇ ಬಿಗಿಯಾಗಿ ಹೊಲಿಸಿಟ್ಟರೆ ಬೀರು ತೆಗೆದಾಗಲೆಲ್ಲ ಭಯವಾಗುತ್ತದೆ. ಮತ್ತೆ, ಮದುವೆಯ ಮರುವಾರಕ್ಕೂ ಈಗಲೇ ಒಂದು ಚೀಟಿ ಬರೆದಿಡಿ.

ಪ್ರಶ್ನೆ: ವಯಸ್ಸು 52. ಮೊದಲ ವಾರ ಎರಡೂವರೆ ಕೆಜಿ ಇಳಿದೆ. ಮನೆಯವರೆಲ್ಲ ಖುಷಿಪಟ್ಟರು. ಮೂರನೇ ವಾರ ಏನೂ ಇಳಿಯಲಿಲ್ಲ, ಮೊನ್ನೆ ಬೆಳಿಗ್ಗೆ ನೋಡಿದರೆ 800 ಗ್ರಾಂ ಏರಿದೆ! ದಿನಕ್ಕೆ ಎರಡು ಮೂರು ಸಲ ತೂಕ ನೋಡುತ್ತೇನೆ. ಸುಮ್ನೆ ಯಾಕೆ ಕಷ್ಟಪಡಬೇಕು ಅನ್ನಿಸುತ್ತಿದೆ.

ಉತ್ತರ: ಮೊದಲ ವಾರ ಇಳಿದದ್ದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದ ಕೂಡಲೇ ದಾಸ್ತಾನು ಕರಗಿ, ನೀರೂ ಹೊರಟುಹೋಗುತ್ತದೆ. ಕೊಬ್ಬು ಕರಗುವ ಕೆಲಸ ಅದಕ್ಕಿಂತ ಎಷ್ಟೋ ನಿಧಾನ.

ಇನ್ನು ಆ 800 ಗ್ರಾಂ. ಅದು ಕೊಬ್ಬೇ ಆಗಿದ್ದರೆ ಹಿಂದಿನ ದಿನ ನೀವು ಖರ್ಚಿಗಿಂತ 6,000 ಕ್ಯಾಲರಿ ಜಾಸ್ತಿ ತಿಂದಿರಬೇಕಿತ್ತು. ತಿಂದಿಲ್ಲ ಅಲ್ವಾ? ಉಪ್ಪು ಜಾಸ್ತಿಯಾದ ಊಟ, ಸರಿಯಾಗಿ ಆಗದ ಶೌಚ, ಹೆಂಗಸರಿಗಾದರೆ ಮುಟ್ಟಿನ ದಿನಗಳು, ಇವೆಲ್ಲ ಮಷೀನಿನ ಮುಳ್ಳನ್ನು ಒಂದೆರಡು ಕೆಜಿ ಆಚೀಚೆ ಮಾಡುತ್ತವೆ.

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಅದೇ ತೆಳು ಬಟ್ಟೆಯಲ್ಲಿ ನೋಡಿ ಬರೆದಿಡಿ. ಈ ವಾರದ ತೂಕವನ್ನು ನಾಲ್ಕು ವಾರದ ಹಿಂದಿನದರ ಜೊತೆ ಹೋಲಿಸಿ, ನಿನ್ನೆಯದರ ಜೊತೆ ಬೇಡ. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟವನ್ನೂ ಅಳೆಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ. ತೂಕ ನಿಂತ ಎಷ್ಟೋ ಜನರಲ್ಲಿ ಟೇಪು ಇಳಿದಿರುವುದನ್ನು ನಾನು ಕಂಡಿದ್ದೇನೆ. ಹಾಗೇ, ತೂಕ ಇಳಿದ ದೇಹಕ್ಕೆ ಖರ್ಚೂ ಕಡಿಮೆ. ಹೋಗುತ್ತಾ ಹೋಗುತ್ತಾ ವೇಗ ತಗ್ಗುವುದು ಸಹಜ.

ಪ್ರಶ್ನೆ: ಜ್ವರ ಬಂದು ನಾಲ್ಕು ದಿನ ವಾಕಿಂಗ್ ತಪ್ಪಿತು. ಆಮೇಲೆ ಮನಸ್ಸೇ ಬರುತ್ತಿಲ್ಲ. ಮಾಡಿದ್ದೆಲ್ಲ ನೀರುಪಾಲಾಯಿತಾ? ಉಪವಾಸ ಮಾಡಿ ಸರಿದೂಗಿಸಲಾ?

ಉತ್ತರ: ಏನೂ ನೀರುಪಾಲಾಗಿಲ್ಲ. ಉಪವಾಸವೂ ಬೇಡ. ಅಭ್ಯಾಸ ಕೂಡಲು ಎಷ್ಟು ದಿನ ಬೇಕು ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ್ದರು. ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು ಅನ್ನುವಷ್ಟು ವ್ಯತ್ಯಾಸ ಲೆಕ್ಕಕ್ಕೆ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೇನೂ ದೊಡ್ಡ ಪೆಟ್ಟು ಬೀಳಲಿಲ್ಲ. ನಿಮ್ಮದು ನಾಲ್ಕು ದಿನ, ಅದೂ ಜ್ವರ. ಸುಸ್ತು ಪೂರ್ತಿ ಹೋದ ಮೇಲೆ ಶೂ ಹಾಕಿ ಐದೇ ನಿಮಿಷ ನಡೆದು ಬನ್ನಿ. ಮನಸ್ಸು ಬರಲಿ ಅಂತ ಕಾಯಬೇಡಿ, ನಡೆಯುತ್ತಾ ನಡೆಯುತ್ತಾ ಅದೇ ಬರುತ್ತದೆ.

ಪ್ರಶ್ನೆ: ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಇಳಿಸಲು ರಾತ್ರಿ ಊಟ ಬಿಡಬಹುದಾ?

ಉತ್ತರ: ಡಾಕ್ಟರನ್ನು ಕೇಳದೆ ಖಂಡಿತ ಬೇಡ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದು ಊಟ ತಪ್ಪಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಜೊತೆಗೇ ಒಯ್ದು ತೋರಿಸಿ, ತೂಕ ಇಳಿಸಬೇಕೆಂದಿದ್ದೇನೆ ಅಂತ ಹೇಳಿ. ಡೋಸ್ ಬದಲಾಯಿಸುವುದು ಅವರ ಕೆಲಸ. ಥೈರಾಯ್ಡ್ ತೊಂದರೆ ಇದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅವುಗಳಿಂದಲೂ ತೂಕ ಏರಬಹುದು. ಈ ನಡುವೆ ಯಾವಾಗಲಾದರೂ ಕೈ ನಡುಗಿ, ಬೆವರಿ, ಎದೆ ಡವಡವ ಅಂದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು, ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.